ಜಾಕೆಟ್ ಯಾರದು? ಯುದ್ಧಕಾಲದ ವೈಮಾನಿಕರ ಚರ್ಮದ ಜಾಕೆಟ್ ಸಂಗ್ರಹಿಸುವವರಿಗೆ, ಅದರ ಒಡೆಯನನ್ನು ಹುಡುಕುವವರಿಗೆ ಸಮಗ್ರ ಮಾರ್ಗದರ್ಶಿ

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನಾ ವಾಯುಪಡೆಯವರು ತೊಟ್ಟ ಕಂದು ಚರ್ಮದ ಜಾಕೆಟ್ ಎದುರಿಗಿದ್ದರೆ ನೋಡುವವರ ಕಣ್ಣು ನೇರವಾಗಿ ಹೋಗುವುದು ಬೆನ್ನಿನ ಚಿತ್ರಕ್ಕೆ. ಬಾಂಬರ್ ವಿಮಾನದ ಹೆಸರು, ಅದರ ಕೆಳಗೆ ಸಾಲುಗಟ್ಟಿ ಬಿಡಿಸಿದ ಪುಟ್ಟ ಬಾಂಬುಗಳು, ಎದೆಯ ಮೇಲೆ ದಳದ ಲಾಂಛನ. ಜಾಕೆಟ್ಟನ್ನು ತಿರುವಿ, ಒಳಗಿನ ಅಸ್ತರಿನ ಮೇಲೆ ಮಸಿಯಲ್ಲಿ ಒತ್ತಿದ ಒಂದು ಅಕ್ಷರ ಮತ್ತು ನಾಲ್ಕು ಅಂಕಿಗಳಿವೆಯೇ ಎಂದು ಹುಡುಕುವವರು ಕಡಿಮೆ. ನನ್ನ ಮಟ್ಟಿಗೆ ಜಾಕೆಟ್ಟಿನ ನಿಜವಾದ ಬೆಲೆ ಇರುವುದು ಆ ಗುರುತಿನಲ್ಲಿ. ಅದನ್ನು ತೊಟ್ಟವನು ಯಾರು, ಎಲ್ಲಿಂದ ಹಾರಿದ, ಮನೆಗೆ ಮರಳಿದನೇ ಎಂಬುದಕ್ಕೆ ಅದು ಉಳಿಸಿಕೊಟ್ಟ ದಾರಿ. ಕೊಳ್ಳುವುದು, ಪರೀಕ್ಷಿಸುವುದು, ದಾಖಲೆ ಹುಡುಕುವುದು, ಪೆಟ್ಟಿಗೆಯಲ್ಲಿಟ್ಟು ಕಾಪಾಡುವುದು, ಈ ಎಲ್ಲವನ್ನೂ ಜಾಕೆಟ್ ಮತ್ತು ಹೆಸರು ಒಂದನ್ನೊಂದು ಬಿಟ್ಟುಹೋಗದಂತೆ ಮಾಡಬೇಕು ಎಂಬ ನಂಬಿಕೆಯಿಂದ ಮುಂದಿನ ಹಂತಗಳನ್ನು ಬರೆದಿದ್ದೇನೆ.

ಇದು ಮುಖ್ಯವಾಗಿ ಅಮೆರಿಕ ಮತ್ತು ಇಂಗ್ಲೆಂಡಿನ ಕಥೆ. ಆದರೆ ಅದರ ಒಂದು ಎಳೆ ಬೆಂಗಳೂರಿನ ಮೂಲಕವೂ ಹಾದುಹೋಗುತ್ತದೆ. ಮೈಸೂರು ಸಂಸ್ಥಾನದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ ಅವರು 1940ರ ಡಿಸೆಂಬರಿನಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನಾ ವಾಯುಪಡೆ ವಹಿಸಿಕೊಂಡಿತು. ಅದಕ್ಕೆ 84ನೇ ಏರ್ ಡಿಪೋ ಎಂಬ ಹೆಸರಾಯಿತು. ಭಾರತ ಮತ್ತು ಬರ್ಮಾದಲ್ಲಿ ಹಾರುತ್ತಿದ್ದ ಅಮೆರಿಕದ ವಿಮಾನಗಳು ಇಲ್ಲಿ ದುರಸ್ತಿಯಾದವು. ಅತ್ತ ಯಲಹಂಕದಲ್ಲಿ ಬ್ರಿಟಿಷ್ ವಾಯುಪಡೆ ತನ್ನ ಪೈಲಟ್‌ಗಳಿಗೆ ಥಂಡರ್‌ಬೋಲ್ಟ್ ವಿಮಾನದ ತರಬೇತಿ ನೀಡುತ್ತಿತ್ತು. ಆದ್ದರಿಂದ ಚೀನಾ-ಬರ್ಮಾ-ಭಾರತ ರಣರಂಗದ ಜಾಕೆಟ್ ನಿಮ್ಮ ಕಣ್ಣಿಗೆ ಬಿದ್ದರೆ ಅದರ ಒಡೆಯನ ಹಾರಾಟದ ದಿನಚರಿಯಲ್ಲಿ ಬೆಂಗಳೂರಿನ ಹೆಸರಿದ್ದರೂ ಇರಬಹುದು.

ಹಂತ 1: ಯಾವ ಜಾಕೆಟ್ ಎಂದು ಗುರುತಿಸಲು ಕಲಿಯಿರಿ

ಎಲ್ಲವನ್ನೂ ‘ಬಾಂಬರ್ ಜಾಕೆಟ್’ ಎಂದು ಕರೆಯುವ ರೂಢಿಯಿದೆ. ಸಂಗ್ರಾಹಕರು ಮೊದಲು ಬಿಡಬೇಕಾದ ರೂಢಿ ಅದು.

ಹೆಚ್ಚು ಬೇಡಿಕೆಯಿರುವುದು ಎ-2 ಮಾದರಿಗೆ. 1931ರ ಮೇ ತಿಂಗಳಲ್ಲಿ ಅಮೆರಿಕದ ಸೇನೆ ಇದನ್ನು ಅಧಿಕೃತವಾಗಿ ಅಂಗೀಕರಿಸಿತು. ಅದಕ್ಕಿಂತ ಮೊದಲಿದ್ದ ಎ-1ಕ್ಕೆ ಗುಂಡಿಗಳಿದ್ದವು, ಎ-2ಕ್ಕೆ ಜಿಪ್ ಬಂತು. ಹೆಚ್ಚಿನವು ಕುದುರೆಯ ಚರ್ಮದವು, ಕೆಲವು ಮೇಕೆಯ ಚರ್ಮದವು. ಅಂಗಿಯ ಕಾಲರಿನಂತೆ ಮಡಚಿದ ಚರ್ಮದ ಕಾಲರ್, ಕುತ್ತಿಗೆಯ ಬಳಿ ಕೊಕ್ಕೆ, ಹೆಗಲ ಮೇಲೆ ಪಟ್ಟಿ, ಮುಚ್ಚಳವಿರುವ ಎರಡು ಜೇಬುಗಳು, ಮುಂಗೈಗೂ ಸೊಂಟಕ್ಕೂ ಹೆಣೆದ ಉಣ್ಣೆಯ ಪಟ್ಟಿ, ಬೆನ್ನಿಗೆ ಒಂದೇ ತುಂಡು ಚರ್ಮ. ಆ ಅಗಲವಾದ ಬೆನ್ನೇ ಚಿತ್ರ ಬಿಡಿಸುವವರಿಗೆ ಹಲಗೆಯಾಯಿತು. ಪಕ್ಕದಿಂದ ಕೈ ತೂರಿಸುವ ಜೇಬು ಯುದ್ಧಕಾಲದ ಎ-2ರಲ್ಲಿ ಇರಲಿಲ್ಲ. 1943ರಲ್ಲಿ ಸೇನಾ ವಾಯುಪಡೆಯ ಮುಖ್ಯಸ್ಥ ಹ್ಯಾಪ್ ಆರ್ನಲ್ಡ್ ಚರ್ಮದ ಜಾಕೆಟ್ಟುಗಳ ಹೊಸ ಗುತ್ತಿಗೆಗಳನ್ನು ನಿಲ್ಲಿಸಿ ಬಟ್ಟೆಯ ಬಿ-10 ಜಾಕೆಟ್ಟಿಗೆ ದಾರಿ ಮಾಡಿಕೊಟ್ಟರು. ಸೈನಿಕರು ಮಾತ್ರ ತಮ್ಮ ಎ-2ಗಳನ್ನು ಬಿಟ್ಟುಕೊಡಲಿಲ್ಲ.

ನೌಕಾಪಡೆಯ ವೈಮಾನಿಕರದು ಎಂ-422ಎ, ಎಎನ್-ಜೆ-3ಎ ಮತ್ತು ಮುಂದೆ ಜಿ-1 ಎಂದು ಹೆಸರಾದ ಸಾಲು. ಮೇಕೆಯ ಚರ್ಮ ಮತ್ತು ಕುರಿಯ ತುಪ್ಪಳದ ಕಾಲರಿನಿಂದ ಇದು ಸುಲಭವಾಗಿ ಗುರುತು ಸಿಗುತ್ತದೆ. ಜಿ-1ರಲ್ಲಿ ಜಿಪ್ಪಿನ ಹಿಂದಿನ ಚರ್ಮದ ಪಟ್ಟಿಯಲ್ಲಿ ಅಮೆರಿಕದ ನೌಕಾಪಡೆಯ ಗುರುತಾದ ಯುಎಸ್‌ಎನ್ ಎಂದು ಸಣ್ಣ ತೂತುಗಳಿಂದ ಬರೆದಿರುತ್ತದೆ. ಬಿ-3 ಎಂಬುದು ಒಳಗೆ ಉಣ್ಣೆಯೇ ಇರುವ ದಪ್ಪ ಕುರಿಚರ್ಮದ ಜಾಕೆಟ್. ಬ್ರಿಟಿಷರ ಇರ್ವಿನ್ ಜಾಕೆಟ್ಟೂ ಅದೇ ಬಗೆಯದು. ಪ್ಯಾರಾಚೂಟ್ ತಯಾರಿಸುತ್ತಿದ್ದ ಅಮೆರಿಕದ ಲೆಸ್ಲಿ ಇರ್ವಿನ್ ಇಂಗ್ಲೆಂಡಿನ ಲೆಚ್‌ವರ್ತ್‌ನಲ್ಲಿದ್ದ ತಮ್ಮ ಕಾರ್ಖಾನೆಯಲ್ಲಿ ಅದನ್ನು ರೂಪಿಸಿದರು. ಯುದ್ಧ ಮುಂದುವರಿದಂತೆ ದೊಡ್ಡ ಚರ್ಮ ಸಿಗದೆ ಸಣ್ಣ ತುಂಡುಗಳನ್ನು ಜೋಡಿಸಿ ಹೊಲಿಯಲಾಯಿತು. ಆದ್ದರಿಂದ ಹೊಲಿಗೆಯ ಗೆರೆಗಳು ಹೆಚ್ಚಿರುವ ಇರ್ವಿನ್ ಸಾಮಾನ್ಯವಾಗಿ ನಂತರದ ವರ್ಷಗಳದು.

ಹೊಸಬರು ಎ-2ರಿಂದ ಆರಂಭಿಸುವುದು ಒಳ್ಳೆಯದು. ಒಡೆಯನ ಹೆಸರು, ಸಂಖ್ಯೆ, ದಳದ ಗುರುತು ಉಳಿದುಬಂದಿರುವ ಸಾಧ್ಯತೆ ಅದರಲ್ಲಿ ಹೆಚ್ಚು. ಅದಕ್ಕೆ ಕಾರಣವೂ ಇದೆ. ಇಪ್ಪತ್ತೈದು ಸಾವಿರ ಅಡಿ ಎತ್ತರದ ಚಳಿಯನ್ನು ತೆಳುವಾದ ಎ-2 ತಡೆಯುತ್ತಿರಲಿಲ್ಲ. ಅಲ್ಲಿ ಕುರಿಚರ್ಮವೋ ವಿದ್ಯುತ್ತಿನಿಂದ ಬಿಸಿಯಾಗುವ ಉಡುಪೋ ಬೇಕಿತ್ತು. ಎ-2 ನೆಲದ ಮೇಲೂ ತೊಡುವ ಉಡುಪಾಯಿತು, ಹೆಮ್ಮೆಯ ಗುರುತಾಯಿತು. ಅಕ್ಕರೆಯಿಂದ ಅಲಂಕರಿಸಿದರು, ಯುದ್ಧ ಮುಗಿದ ಮೇಲೆ ಮನೆಗೆ ಒಯ್ದರು.

ಹಂತ 2: ಕೊಳ್ಳುವ ಮೊದಲೇ ಪ್ರಶ್ನೆ ಕೇಳಿ

ಮಾರುವವರನ್ನು ಮೊದಲು ಕೇಳಬೇಕಾದ್ದು ಬೆಲೆಯನ್ನಲ್ಲ, ಇದು ನಿಮ್ಮ ಕೈಗೆ ಎಲ್ಲಿಂದ ಬಂತು ಎಂಬುದನ್ನು. ಕುಟುಂಬದವರು ಮಾರಿದ್ದೇ, ಮನೆ ಖಾಲಿ ಮಾಡುವಾಗಿನ ಹರಾಜಿನಲ್ಲಿ ಸಿಕ್ಕಿದ್ದೇ, ಇನ್ನೊಬ್ಬ ವ್ಯಾಪಾರಿಯಿಂದ ಬಂದದ್ದೇ? ಜೊತೆಗೆ ಟೋಪಿ, ಫೋಟೊ, ಪತ್ರ, ಹಾರಾಟದ ದಾಖಲೆ ಪುಸ್ತಕ ಇತ್ತೇ? ಇದ್ದರೆ ಅವೆಲ್ಲ ಈಗ ಎಲ್ಲಿವೆ?

ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಒಬ್ಬ ವೈಮಾನಿಕನ ಪೆಟ್ಟಿಗೆಯನ್ನು ಒಡೆದು ಜಾಕೆಟ್ ಒಬ್ಬರಿಗೆ, ಪದಕ ಇನ್ನೊಬ್ಬರಿಗೆ, ಫೋಟೊಗಳು ಮತ್ತೊಬ್ಬರಿಗೆ ಮಾರುವುದು ಈ ವ್ಯಾಪಾರದಲ್ಲಿ ದಿನವೂ ನಡೆಯುತ್ತದೆ. ಬಿಡಿಬಿಡಿಯಾಗಿ ಮಾರಿದರೆ ಹಣ ಹೆಚ್ಚು. ಆದರೆ ಆ ಮನುಷ್ಯನ ಬದುಕು ಅದರೊಂದಿಗೇ ಚೆದುರಿಹೋಗುತ್ತದೆ, ಮತ್ತೆ ಒಂದುಗೂಡಿಸಲು ಆಗುವುದಿಲ್ಲ. ನಿಮ್ಮ ಹಣಕ್ಕೆ ಎರಡು ಒಳ್ಳೆಯ ಜಾಕೆಟ್ ಸಿಗುತ್ತದೆಯೋ ಕಾಗದಪತ್ರಗಳ ಸಮೇತ ಒಂದು ಸಾಧಾರಣ ಜಾಕೆಟ್ ಸಿಗುತ್ತದೆಯೋ ಎಂಬ ಆಯ್ಕೆ ಬಂದರೆ ಕಾಗದಪತ್ರಗಳಿರುವುದನ್ನೇ ಕೊಳ್ಳಿ.

ಮಾರುವವರು ಬಾಯಲ್ಲಿ ಹೇಳಿದ ಕಥೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಮಿಂಚಂಚೆಯಾದರೂ ಸಾಕು. ಹೊರದೇಶದಿಂದ ತರಿಸುವುದಾದರೆ ಸುಂಕ ಎಷ್ಟಾಗುತ್ತದೆ, ಹಳೆಯ ಉಡುಪಿಗೆ ಯಾವ ನಿಯಮ ಎಂದು ಹಣ ಕಳಿಸುವ ಮೊದಲೇ ಕಸ್ಟಮ್ಸ್ ಏಜೆಂಟರಲ್ಲಿ ವಿಚಾರಿಸಿ. ವಿಮಾನ ಅಪಘಾತದ ಸ್ಥಳದಿಂದ ಅಗೆದು ತೆಗೆದದ್ದು ಎಂದು ಹೇಳಿ ಏನನ್ನಾದರೂ ಮಾರಲು ಬಂದರೆ ಕೊಳ್ಳಬೇಡಿ. ಅಂತಹ ಜಾಗಗಳಲ್ಲಿ ಇನ್ನೂ ಪತ್ತೆಯಾಗದ ಸೈನಿಕರ ಅಸ್ಥಿಗಳಿರಬಹುದು. ಅವುಗಳ ಗುರುತು ಹಿಡಿಯಲು ಉಳಿದಿರುವ ಪುರಾವೆಯನ್ನು ಕದಲಿಸುವುದು ಅನ್ಯಾಯ.

ಹಂತ 3: ಅಸಲಿಯೋ ಅಲ್ಲವೋ, ನಿಧಾನವಾಗಿ ನೋಡಿ

ಎ-2ರ ಕಾಲರಿನ ಕೆಳಗೆ ನೇಯ್ದ ಚೀಟಿ ಇರುತ್ತದೆ. ಮಾದರಿಯ ಹೆಸರು, 30-1415 ಎಂಬ ವಿನ್ಯಾಸ ನಕ್ಷೆಯ ಸಂಖ್ಯೆ, ಗುತ್ತಿಗೆಯ ಸಂಖ್ಯೆ, ತಯಾರಕರ ಹೆಸರು ಮತ್ತು ಊರು, ಇದು ಸೇನೆಯ ಸ್ವತ್ತು ಎಂಬ ಸಾಲು ಅದರಲ್ಲಿರುತ್ತವೆ. ಪೆನ್ಸಿಲ್ವೇನಿಯದ ಮಿಡಲ್‌ಟೌನ್‌ನ ರಫ್ ವೇರ್, ನ್ಯೂಯಾರ್ಕ್ ರಾಜ್ಯದ ಬೀಕನ್‌ನ ಏರೋ ಲೆದರ್, ಷಿಕಾಗೋದ ಡುಬೋ, ಬಾಸ್ಟನ್ನಿನ ಕೇಬಲ್ ರೇನ್‌ಕೋಟ್ ಹೀಗೆ ಹಲವು ಕಂಪನಿಗಳು ಗುತ್ತಿಗೆ ಪಡೆದಿದ್ದವು. ನಕ್ಷೆ ಒಂದೇ ಆದರೂ ಪ್ರತಿಯೊಬ್ಬರ ಕೈಚಳಕವೂ ಬೇರೆ. ಕಾಲರಿನ ತುದಿಯ ಆಕಾರ, ಜೇಬಿನ ಮುಚ್ಚಳದ ಬಾಗು, ಹೆಗಲ ಪಟ್ಟಿಯ ಹೊಲಿಗೆ, ಇವು ಆಯಾ ತಯಾರಕರ ಚೀಟಿಗೆ ಹೊಂದಬೇಕು. ಚೀಟಿ ರಫ್ ವೇರ್‌ನದಾಗಿ ಜೇಬು ಡುಬೋ ತರಹ ಇದ್ದರೆ ಅಲ್ಲಿಗೆ ನಿಲ್ಲಿಸಿ. ಚೀಟಿಗಳನ್ನು ಮಾತ್ರ ಹೊಸದಾಗಿ ನೇಯ್ದು ಮಾರುವವರೂ ಇದ್ದಾರೆ.

ಇಂಗ್ಲೆಂಡ್, ಸ್ಕಾಟ್ಲೆಂಡ್, ಜಪಾನ್ ಮತ್ತು ಅಮೆರಿಕದಲ್ಲಿ ಇಂದು ಬಹಳ ನಿಷ್ಠೆಯಿಂದ ಎ-2 ಪ್ರತಿಕೃತಿಗಳನ್ನು ತಯಾರಿಸುವ ಕುಶಲಕರ್ಮಿಗಳಿದ್ದಾರೆ. ಅವರು ತಮ್ಮದನ್ನು ಪ್ರತಿಕೃತಿ ಎಂದೇ ಮಾರುತ್ತಾರೆ. ತೊಂದರೆ ಬರುವುದು ಮೂರನೆಯ, ನಾಲ್ಕನೆಯ ಕೈಗೆ ಹೋದಮೇಲೆ, ಯಾರೋ ಅದನ್ನು ಉಜ್ಜಿ ಸವೆಸಿ ಹಳೆಯದಾಗಿ ಕಾಣುವಂತೆ ಮಾಡಿದಾಗ. ಸ್ಕಾಟ್ಲೆಂಡಿನ ಇಂದಿನ ಒಂದು ತಯಾರಿಕಾ ಸಂಸ್ಥೆಯ ಹೆಸರೂ ಯುದ್ಧಕಾಲದ ಏರೋ ಲೆದರ್‌ನ ಹೆಸರೂ ಒಂದೇ ಎಂಬುದು ನೆನಪಿರಲಿ. ಅಮೆರಿಕದ ವಾಯುಪಡೆಯೇ 1988ರಲ್ಲಿ ಎ-2ನ್ನು ಮತ್ತೆ ಜಾರಿಗೆ ತಂದಿತು. ಮೇಕೆಯ ಚರ್ಮದ ಆ ಜಾಕೆಟ್ಟುಗಳು ನಿಜವಾದ ಸೇನಾ ವಸ್ತುಗಳೇ, ಆದರೆ ಯುದ್ಧಕಾಲದವಲ್ಲ.

ಜಿಪ್ಪನ್ನು ನೋಡಿ. ಟ್ಯಾಲನ್, ಕ್ರೌನ್, ಕಾನ್ಮಾರ್ ಎಂಬ ಹೆಸರುಗಳು ಆ ಕಾಲಕ್ಕೆ ಹೊಂದುತ್ತವೆ. ಆದರೆ ಬಳಸಿದ ಜಾಕೆಟ್ಟಿನಲ್ಲಿ ಮೊದಲು ಕೆಡುವುದೇ ಜಿಪ್ ಮತ್ತು ಉಣ್ಣೆಯ ಪಟ್ಟಿ. ಆದ್ದರಿಂದ ಬದಲಾಯಿಸಿದ ಜಿಪ್ ಇದ್ದಮಾತ್ರಕ್ಕೆ ಜಾಕೆಟ್ ನಕಲಿಯಾಗುವುದಿಲ್ಲ. ಹಳೆಯ ಹೊಲಿಗೆಯ ತೂತುಗಳು ಹೊಸ ಹೊಲಿಗೆಯ ಪಕ್ಕದಲ್ಲಿ ಕಾಣುತ್ತವೆಯೇ ಎಂದು ನೋಡಿದರೆ ಉತ್ತರ ಸಿಗುತ್ತದೆ. ಕತ್ತಲೆ ಕೋಣೆಯಲ್ಲಿ ಅತಿನೇರಳೆ ದೀಪ ಹಿಡಿಯಿರಿ. ಇಂದಿನ ಪಾಲಿಯೆಸ್ಟರ್ ದಾರ ಹೊಳೆಯುವುದುಂಟು, ಆ ಕಾಲದ ಹತ್ತಿಯ ದಾರ ಮಂಕಾಗಿರುತ್ತದೆ. ಇದನ್ನೇ ಕೊನೆಯ ತೀರ್ಪು ಎಂದು ಹಿಡಿಯಬೇಡಿ. ಯುದ್ಧಾನಂತರದ ಬಟ್ಟೆ ಸೋಪುಗಳಲ್ಲಿ ಹೊಳಪಿನ ರಾಸಾಯನಿಕಗಳಿವೆ. ಯಾರೋ ಒಮ್ಮೆ ತೊಳೆದಿದ್ದರೆ ಅಸಲಿ ಅಸ್ತರೂ ಹೊಳೆಯುತ್ತದೆ.

ಮೋಸ ಹೆಚ್ಚಾಗಿ ನಡೆಯುವುದು ಚಿತ್ರದಲ್ಲಿ. ಅಸಲಿ ಆದರೆ ಖಾಲಿ ಬೆನ್ನಿನ ಜಾಕೆಟ್ಟಿನ ಮೇಲೆ ಇತ್ತೀಚೆಗೆ ಚಿತ್ರ ಬಿಡಿಸಿದರೆ ಬೆಲೆ ಹಲವು ಪಟ್ಟು ಏರುತ್ತದೆ. ಭೂತಗನ್ನಡಿ ಹಿಡಿದು ಚರ್ಮದ ಬಿರುಕುಗಳನ್ನೇ ನೋಡಿ. ಚಿತ್ರ ಹಳೆಯದಾದರೆ ಚರ್ಮ ಮಡಿಸಿದಲ್ಲೆಲ್ಲ ಬಣ್ಣವೂ ಜೊತೆಗೇ ಸೀಳಿರುತ್ತದೆ, ಬಿರುಕಿನ ಒಳಗೆ ಬರಿಯ ಚರ್ಮ ಕಾಣುತ್ತದೆ. ಹೊಸ ಚಿತ್ರವಾದರೆ ಬಿರುಕು ಮೊದಲೇ ಇತ್ತು, ಬಣ್ಣ ಆಮೇಲೆ ಬಂತು, ಆದ್ದರಿಂದ ಬಣ್ಣ ಬಿರುಕಿನೊಳಕ್ಕೆ ಇಳಿದಿರುತ್ತದೆ. ಮೊಣಕೈ, ಬೆನ್ನಿನ ಮೇಲ್ಭಾಗ, ಕುರ್ಚಿಗೆ ಒರಗುವ ಜಾಗ ಸವೆದಿದ್ದು ಅದೇ ಜಾಗದ ಚಿತ್ರ ಮಾತ್ರ ಹೊಚ್ಚಹೊಸದಾಗಿದ್ದರೆ ನಂಬಬೇಡಿ. ಕಣ್ಣಿಗೆ ಬಲು ಸುಂದರವಾಗಿ ಕಾಣುವ ಚಿತ್ರದ ಬಗ್ಗೆ ಒಂದಿಷ್ಟು ಅನುಮಾನ ಒಳ್ಳೆಯದು. ಕೆಲವು ನೆಲೆಗಳಲ್ಲಿ ನುರಿತ ಕೈಗಳಿದ್ದದ್ದು ನಿಜ. ಇಂಗ್ಲೆಂಡಿನ ಬಾಸಿಂಗ್‌ಬೋರ್ನ್‌ನಲ್ಲಿದ್ದ 91ನೇ ಬಾಂಬರ್ ದಳದ ವಿಮಾನಗಳ ಮೇಲೆ ಟೋನಿ ಸ್ಟಾರ್ಸರ್ ಬಿಡಿಸಿದ ಚಿತ್ರಗಳು ಪ್ರಸಿದ್ಧ, ‘ಮೆಂಫಿಸ್ ಬೆಲ್’ ಅವುಗಳಲ್ಲಿ ಒಂದು. ಆದರೆ ಬಹಳಷ್ಟು ಜಾಕೆಟ್ಟುಗಳ ಮೇಲಿನ ಚಿತ್ರ ಜೊತೆಗಾರನೊಬ್ಬ ಬಿಡುವಿನಲ್ಲಿ, ಕೈಗೆ ಸಿಕ್ಕ ಬಣ್ಣದಲ್ಲಿ ಬಿಡಿಸಿದ್ದು.

ಹಂತ 4: ಜಾಕೆಟ್ಟಿನ ಮೇಲಿರುವುದನ್ನೆಲ್ಲ ಓದಿ

ಇಲ್ಲಿಗೆ ಬಂದಾಗ ಅವಸರ ಬೇಡ. ಜಾಕೆಟ್ಟನ್ನು ಸ್ವಚ್ಛವಾದ ಬಿಳಿ ಬಟ್ಟೆಯ ಮೇಲೆ ಹರಡಿ. ಏನನ್ನೂ ಒರೆಸುವ ಮೊದಲು ಒಳಗೂ ಹೊರಗೂ ಫೋಟೊ ತೆಗೆಯಿರಿ. ಆಮೇಲೆ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಚರ್ಮದ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಡಿ. ಕಿತ್ತುಹಾಕಿದ ಲಾಂಛನದ ಅಂಚು, ಹೆಸರಿನ ಪಟ್ಟಿ ಹೊಲಿದಿದ್ದ ತೂತುಗಳು, ಹೆಗಲ ಪಟ್ಟಿಯ ಮೇಲೆ ದರ್ಜೆಯ ಗುರುತು ಒತ್ತಿದ್ದ ಕಲೆ ಆಗ ಎದ್ದು ಕಾಣುತ್ತವೆ. ಮಾಸಿದ ಮಸಿಯನ್ನು ಓದಲು ಅವಕೆಂಪು ಬೆಳಕಿನ ಕ್ಯಾಮೆರಾ ಎಷ್ಟೋ ಸಲ ನೆರವಾಗುತ್ತದೆ. ಪರಿಚಯದ ಛಾಯಾಗ್ರಾಹಕರಲ್ಲಿ ಇದ್ದರೆ ಕೇಳಿ.

ಎಡ ಎದೆಯ ಮೇಲೆ ಹೆಸರು ಒತ್ತಿದ ಸಣ್ಣ ಚರ್ಮದ ಪಟ್ಟಿ ಇದ್ದರೆ ಅದೃಷ್ಟ. ಆದರೆ ಪಟ್ಟಿಯ ಸುತ್ತ ಬೇರೆ ಅಳತೆಯ ಹಳೆಯ ತೂತುಗಳಿವೆಯೇ ನೋಡಿ. ಒಂದೇ ಜಾಕೆಟ್ ಇಬ್ಬರ ಕೈ ದಾಟಿರುವುದೂ ಉಂಟು. ಅಂಥಲ್ಲಿ ಇಬ್ಬರ ಕಥೆಯೂ ನಿಮ್ಮ ಹೊಣೆ.

ಹೆಸರಿಲ್ಲದಿದ್ದರೆ ಆರಂಭದಲ್ಲಿ ಹೇಳಿದ ಮಸಿಯ ಗುರುತು ಹುಡುಕಿ. ಅಮೆರಿಕದ ಸೈನಿಕರು ಬಟ್ಟೆಗಳು ಅಗಸರ ಮನೆಯಲ್ಲಿ ಅದಲುಬದಲಾಗದಂತೆ ಮನೆತನದ ಹೆಸರಿನ ಮೊದಲ ಅಕ್ಷರವನ್ನೂ ತಮ್ಮ ಸೇವಾ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನೂ ಒತ್ತುತ್ತಿದ್ದರು. ಪೂರ್ತಿ ಸಂಖ್ಯೆ ಸಿಕ್ಕರೆ ಇನ್ನಷ್ಟು ತಿಳಿಯುತ್ತದೆ. ಓ ಅಕ್ಷರದಿಂದ ಆರಂಭವಾದರೆ ಅಧಿಕಾರಿ, ಟಿ ಆದರೆ ಅದಕ್ಕಿಂತ ಕೆಳಗಿನ ಫ್ಲೈಟ್ ಆಫೀಸರ್ ಎಂಬ ದರ್ಜೆಯವನು. ಎಂಟು ಅಂಕಿಗಳಿದ್ದರೆ ಸಾಮಾನ್ಯ ಸೈನಿಕ ಅಥವಾ ಸಾರ್ಜೆಂಟ್. ಆ ಎಂಟರಲ್ಲಿ ಮೊದಲ ಅಂಕಿ 1 ಆದರೆ ತಾನಾಗಿ ಸೇರಿದವನು, 2 ಆದರೆ ರಾಜ್ಯಗಳ ಮೀಸಲು ಪಡೆಯಾದ ನ್ಯಾಷನಲ್ ಗಾರ್ಡ್‌ನಿಂದ ಬಂದವನು, 3 ಆದರೆ ಕಡ್ಡಾಯ ಭರ್ತಿಯವನು. ಎರಡನೆಯ ಅಂಕಿ ಸೇರಿದ ಪ್ರದೇಶವನ್ನು ಹೇಳುತ್ತದೆ. 38 ಎಂದು ಶುರುವಾದರೆ ಟೆಕ್ಸಸ್ ಮತ್ತು ಸುತ್ತಲಿನ ರಾಜ್ಯಗಳಿಂದ ಕಡ್ಡಾಯವಾಗಿ ಕರೆಸಿಕೊಂಡವನು, 19 ಎಂದರೆ ಪಶ್ಚಿಮ ಕರಾವಳಿಯ ಕಡೆಯಿಂದ ಸ್ವಂತ ಇಚ್ಛೆಯಿಂದ ಬಂದವನು.

ಬೆನ್ನಿನ ಬಾಂಬುಗಳನ್ನು ಎಣಿಸಿ. ಎಣಿಕೆಗೆ ಅರ್ಥವಿದೆ, ಒಂದೊಂದು ಬಾಂಬೂ ಒಂದೊಂದು ದಾಳಿಯ ಲೆಕ್ಕ. ಇಂಗ್ಲೆಂಡಿನಲ್ಲಿದ್ದ ಅಮೆರಿಕದ 8ನೇ ವಾಯುಪಡೆಯಲ್ಲಿ ಆರಂಭದಲ್ಲಿ 25 ದಾಳಿ ಮುಗಿಸಿದರೆ ಯುದ್ಧಸೇವೆಯ ಒಂದು ಅವಧಿ ಮುಗಿಯುತ್ತಿತ್ತು. 1944ರಲ್ಲಿ ಅದು 30ಕ್ಕೆ, ಆಮೇಲೆ 35ಕ್ಕೆ ಏರಿತು. ಆದ್ದರಿಂದ 25 ಬಾಂಬುಗಳಿರುವ ಜಾಕೆಟ್ ಮತ್ತು 35 ಇರುವ ಜಾಕೆಟ್ ಬೇರೆ ಬೇರೆ ಕಾಲಗಳತ್ತ ಬೊಟ್ಟು ಮಾಡುತ್ತವೆ. ಐವತ್ತಿದ್ದರೆ ಇಟಲಿಯಲ್ಲಿದ್ದ ಅಮೆರಿಕದ 15ನೇ ವಾಯುಪಡೆಯನ್ನು ನೆನೆಯಿರಿ. ಅಲ್ಲಿ ಅವಧಿ 50, ಕಠಿಣ ದಾಳಿಯೊಂದನ್ನು ಎರಡಾಗಿ ಲೆಕ್ಕ ಹಾಕುತ್ತಿದ್ದರು. ಐದೇ ಬಾಂಬುಗಳಿದ್ದರೆ ಅವನು ಸೆರೆಸಿಕ್ಕನೇ, ಗಾಯಗೊಂಡನೇ, ಜಾಕೆಟ್ಟನ್ನು ನೆಲೆಯಲ್ಲಿ ಬಿಟ್ಟು ಹಾರಿದವನು ಮರಳಲಿಲ್ಲವೇ ಎಂಬ ಪ್ರಶ್ನೆಯೊಂದಿಗೆ ದಾಖಲೆಗಳ ಕಡೆ ಹೋಗಬೇಕು.

ಚಿತ್ರದ ಮಾತುಗಳನ್ನು ಈ ಕಾಲದ ಮನಸ್ಸಿನಿಂದ ತೂಗದೆ ಬರೆದಿರುವಂತೆಯೇ ದಾಖಲಿಸಿ. 1943ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಸೆರೆಸಿಕ್ಕ ಕೆನೆತ್ ವಿಲಿಯಮ್ಸ್ ಎಂಬ ಅಧಿಕಾರಿಯ ಬೆನ್ನ ಮೇಲೆ ‘ಮರ್ಡರ್ ಇಂಕ್’ ಎಂದಿತ್ತು. ಅದು ವಿಮಾನವೊಂದರ ಹೆಸರು. ನಾಜಿ ಪ್ರಚಾರಕರು ಆ ಫೋಟೊ ಹಿಡಿದು ಅಮೆರಿಕದ ವೈಮಾನಿಕರೆಲ್ಲ ಕೊಲೆಗಡುಕರು ಎಂದು ಪತ್ರಿಕೆಗಳಲ್ಲಿ ಸಾರಿದರು. ಬೆನ್ನಿನ ಎರಡು ಪದಗಳು ತೊಟ್ಟವನ ಪಾಲಿಗೆ ಏನಾಗಬಲ್ಲವು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ನಮ್ಮ ಕಡೆಯ ರಣರಂಗದ ಜಾಕೆಟ್ಟುಗಳ ಗುರುತುಗಳೇ ಬೇರೆ. ಎಡ ತೋಳಿನ ಮೇಲೆ ಕೆಂಪು ಬಿಳಿ ಪಟ್ಟೆಗಳ ಗುರಾಣಿ, ಅದರ ನೀಲಿ ತಲೆಯಲ್ಲಿ ಚೀನಾದ ಸೂರ್ಯ ಮತ್ತು ಭಾರತದ ನಕ್ಷತ್ರ. ಇಂತಹ ಲಾಂಛನಗಳನ್ನು ಭಾರತದ ಕುಶಲಕರ್ಮಿಗಳೇ ಜರಿ ಕಸೂತಿಯಲ್ಲೂ ಚರ್ಮದ ತುಂಡುಗಳಲ್ಲೂ ಮಾಡಿಕೊಡುತ್ತಿದ್ದರು. ಯಂತ್ರದಲ್ಲಿ ಮಾಡಿದ್ದಕ್ಕಿಂತ ಕೈಯಲ್ಲಿ ಮಾಡಿದ ಈ ಲಾಂಛನಗಳೇ ನನಗೆ ಹೆಚ್ಚು ಪ್ರಿಯ. ಹೆಸರು ಬರೆದಿಡದ ನಮ್ಮ ದರ್ಜಿಯೊಬ್ಬನ ಕೆಲಸವೂ ಆ ಜಾಕೆಟ್ಟಿನಲ್ಲಿ ಸೇರಿದೆ. ಬೆನ್ನಿಗೋ ಅಸ್ತರಿಗೋ ಹೊಲಿದ ಬ್ಲಡ್ ಚಿಟ್ ಎಂಬ ಬಟ್ಟೆಯನ್ನೂ ನೋಡುತ್ತೀರಿ. ಚೀನಾದ ಧ್ವಜದ ಕೆಳಗೆ, ಈ ವಿದೇಶಿ ನಮ್ಮ ಪರವಾಗಿ ಹೋರಾಡಲು ಬಂದವನು, ಸೈನಿಕರೂ ಪ್ರಜೆಗಳೂ ಇವನನ್ನು ಕಾಪಾಡಬೇಕು ಎಂಬ ಚೀನೀ ಬರಹ ಇರುತ್ತದೆ. ಇದನ್ನೂ ಇಂದು ಹೇರಳವಾಗಿ ನಕಲು ಮಾಡುತ್ತಾರೆ. ಹೊಲಿಗೆಯ ದಾರ ಮತ್ತು ಬಟ್ಟೆಯ ಕೆಳಗಿನ ಚರ್ಮದ ಬಣ್ಣ ಎರಡನ್ನೂ ನೋಡಿ. ಹಲವು ದಶಕ ಮುಚ್ಚಿದ್ದ ಚರ್ಮ ಸುತ್ತಲಿನದಕ್ಕಿಂತ ಭಿನ್ನವಾಗಿರಬೇಕು. ಒಂಟೆಯ ಚಿತ್ರಗಳ ಸಾಲು ಕಂಡರೆ ಗಾಬರಿಯಾಗಬೇಡಿ. ಬಂಗಾಳದ ಖರಗ್‌ಪುರದ ಸುತ್ತಲಿನ ನೆಲೆಗಳಿಂದ ಹಾರಿದ ಬಿ-29 ಬಾಂಬರ್ ತಂಡಗಳು ಹಿಮಾಲಯ ದಾಟಿ ಚೀನಾಕ್ಕೆ ಸರಕು ಒಯ್ದ ಪ್ರತಿ ಪಯಣಕ್ಕೂ ವಿಮಾನದ ಮೇಲೆ ಒಂದೊಂದು ಒಂಟೆ ಬಿಡಿಸುತ್ತಿದ್ದವು.

ಹಂತ 5: ದಾಖಲೆಗಳಲ್ಲಿ ಹುಡುಕಾಟ

ಮನೆಯಲ್ಲಿ ಕುಳಿತೇ ಬಹಳ ದೂರ ಹೋಗಬಹುದು. ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಅಂತರ್ಜಾಲ ತಾಣದಲ್ಲಿ ಸೇನೆಗೆ ಸೇರಿದವರ ಸುಮಾರು 90 ಲಕ್ಷ ದಾಖಲೆಗಳು ಉಚಿತವಾಗಿ ಸಿಗುತ್ತವೆ. ಹೆಸರು, ಸಂಖ್ಯೆ, ಹುಟ್ಟಿದ ವರ್ಷ, ಊರು, ಓದು, ಸೇರುವ ಮೊದಲಿನ ಉದ್ಯೋಗ ಅದರಲ್ಲಿವೆ. ಹಳೆಯ ಕಾರ್ಡುಗಳಿಂದ ಯಂತ್ರ ಓದಿದ ಪಟ್ಟಿ ಇದು. ಅಕ್ಷರ ತಪ್ಪುಗಳಿವೆ, ಬಿಟ್ಟುಹೋದವರಿದ್ದಾರೆ, ನೇರವಾಗಿ ಅಧಿಕಾರಿಗಳಾದವರು ಹೆಚ್ಚಾಗಿ ಇಲ್ಲ. ಮೊದಲು ಸೈನಿಕನಾಗಿ ಸೇರಿ ಆಮೇಲೆ ಪೈಲಟ್ ಆದವನಾದರೆ ಅವನ ಹಳೆಯ ಸಂಖ್ಯೆಯಲ್ಲಿ ಸಿಗಬಹುದು.

ಒಂದಕ್ಷರ ಮತ್ತು ನಾಲ್ಕು ಅಂಕಿಯಷ್ಟೇ ಇದ್ದರೆ ಈ ದೊಡ್ಡ ಪಟ್ಟಿಯಲ್ಲಿ ನೂರಾರು ಜನ ಹೊಂದುತ್ತಾರೆ. ಅಲ್ಲಿ ದಳದ ಲಾಂಛನ ಕೈಹಿಡಿಯುತ್ತದೆ. ಲಾಂಛನದಿಂದ ಸ್ಕ್ವಾಡ್ರನ್ (ದಳದೊಳಗಿನ ಘಟಕ), ಸ್ಕ್ವಾಡ್ರನ್‌ನಿಂದ ಅದರ ಸದಸ್ಯರ ಪಟ್ಟಿ, ಪಟ್ಟಿಯಲ್ಲಿ ಆ ಅಕ್ಷರದವರು, ಅವರಲ್ಲಿ ಆ ನಾಲ್ಕು ಅಂಕಿ ಇರುವವನು. ಹೀಗೆ ಜರಡಿ ಹಿಡಿದರೆ ಒಬ್ಬನೇ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಹಲವು ಬಾಂಬರ್ ದಳಗಳ ಹಳೆಯ ಸದಸ್ಯರ ಸಂಘಗಳು ಇಂತಹ ಪಟ್ಟಿಗಳನ್ನು ಶ್ರದ್ಧೆಯಿಂದ ಉಳಿಸಿವೆ. ಇಂಗ್ಲೆಂಡಿನಿಂದ ಹಾರಿದವರಾದರೆ ಡಕ್ಸ್‌ಫರ್ಡ್‌ನ ಅಮೆರಿಕನ್ ಏರ್ ಮ್ಯೂಸಿಯಂ ತಾಣದಲ್ಲಿ ವ್ಯಕ್ತಿಗಳೂ ವಿಮಾನಗಳೂ ಫೋಟೊಗಳೂ ಒಂದಕ್ಕೊಂದು ಜೋಡಿಸಿ ಸಿಗುತ್ತವೆ. ದಳದ ತಿಂಗಳ ವರದಿಗಳು ಬೇಕಾದರೆ ಅಲಬಾಮಾದ ಮ್ಯಾಕ್ಸ್‌ವೆಲ್‌ನಲ್ಲಿರುವ ವಾಯುಪಡೆಯ ಇತಿಹಾಸ ಸಂಶೋಧನಾ ಸಂಸ್ಥೆಗೆ ಬರೆಯಿರಿ.

ವಿಮಾನ ಮರಳದಿದ್ದರೆ ಅದರ ಬಗ್ಗೆ ‘ಕಾಣೆಯಾದ ವಿಮಾನ ಸಿಬ್ಬಂದಿ ವರದಿ’ ಇರುತ್ತದೆ. 1943ರ ಮಧ್ಯದಿಂದ ಸಿದ್ಧಪಡಿಸಿದ ಇಂತಹ ಸುಮಾರು 16 ಸಾವಿರ ವರದಿಗಳಿವೆ. ಯಾರು ಯಾವ ಜಾಗದಲ್ಲಿ ಕುಳಿತಿದ್ದರು, ಎಲ್ಲಿ ಕೊನೆಯ ಬಾರಿ ಕಂಡಿತು, ಪಕ್ಕದ ವಿಮಾನದವರು ಎಷ್ಟು ಪ್ಯಾರಾಚೂಟ್ ಬಿಚ್ಚಿಕೊಂಡದ್ದನ್ನು ನೋಡಿದರು ಎಂಬ ವಿವರ ಅದರಲ್ಲಿರುತ್ತದೆ. ಇವನ್ನು ಓದುವುದು ಸುಲಭವಲ್ಲ. ಬದುಕಿ ಬಂದವರು ಸತ್ತ ಜೊತೆಗಾರರ ಬಗ್ಗೆ ತುಂಬಿದ ಪ್ರಶ್ನಾವಳಿಗಳೂ ಅದರೊಳಗಿರುತ್ತವೆ.

ವೈಯಕ್ತಿಕ ಸೇವಾ ಕಡತಗಳು ಇರುವುದು ಸೇಂಟ್ ಲೂಯಿಸ್ ನಗರದ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದಲ್ಲಿ. ಸೇವೆ ಮುಗಿದು 62 ವರ್ಷ ಕಳೆದ ಕಡತವನ್ನು ಯಾರು ಬೇಕಾದರೂ ಕೇಳಬಹುದು. ಆದರೆ 1973ರ ಜುಲೈ 12ರಂದು ಹೊತ್ತಿದ ಬೆಂಕಿ ಅಲ್ಲಿನ 1.6ರಿಂದ 1.8 ಕೋಟಿ ಕಡತಗಳನ್ನು ಸುಟ್ಟಿತು. 1912ರಿಂದ 1960ರ ನಡುವೆ ಸೇನೆ ಬಿಟ್ಟವರ ಕಡತಗಳಲ್ಲಿ ಶೇಕಡ 80ರಷ್ಟು ಹೋದವು. ಸೇನಾ ವಾಯುಪಡೆ ಆಗ ಸೇನೆಯ ಭಾಗವೇ ಆಗಿದ್ದರಿಂದ ನಿಮ್ಮವನ ಕಡತವೂ ಸುಟ್ಟಿರುವ ಸಂಭವವೇ ಹೆಚ್ಚು. ಆಗ ಕೊನೆಯ ಸಂಬಳದ ಚೀಟಿ, ಪ್ರತಿ ಘಟಕವೂ ದಿನಂಪ್ರತಿ ಬರೆಯುತ್ತಿದ್ದ ಬೆಳಗಿನ ವರದಿ, ಊರಿನ ಪತ್ರಿಕೆಯ ಸುದ್ದಿ ಇವುಗಳಿಂದ ಕಟ್ಟಿಕೊಳ್ಳಬೇಕು. ಸಣ್ಣ ಪಟ್ಟಣಗಳ ಪತ್ರಿಕೆಗಳನ್ನು ಕಡೆಗಣಿಸಬೇಡಿ. ‘ನಮ್ಮ ಊರಿನ ಹುಡುಗ’ನ ಬಡ್ತಿ, ರಜೆ, ಮದುವೆ ಎಲ್ಲವನ್ನೂ ಅವು ಅಚ್ಚುಹಾಕುತ್ತಿದ್ದವು.

ಬ್ರಿಟಿಷ್ ಇರ್ವಿನ್ ಜಾಕೆಟ್ಟಿಗೆ ಲಂಡನ್ನಿನ ಕ್ಯೂನಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರವನ್ನು ನೋಡಿ. ಅಲ್ಲಿನ ಏರ್ 27 ಎಂಬ ಸರಣಿಯಲ್ಲಿ ಸ್ಕ್ವಾಡ್ರನ್‌ಗಳ ಕಾರ್ಯಾಚರಣೆ ಪುಸ್ತಕಗಳಿವೆ. ಯಾವ ದಿನ ಯಾರು ಯಾವ ವಿಮಾನದಲ್ಲಿ ಎಷ್ಟು ಹೊತ್ತಿಗೆ ಹೊರಟರು, ಎಷ್ಟು ಹೊತ್ತಿಗೆ ಇಳಿದರು ಎಂಬುದು ಅವುಗಳಲ್ಲಿ ಸಿಗುತ್ತದೆ.

ಹೆಸರು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ‘ಇವನೇ ಇರಬಹುದು’ ಮತ್ತು ‘ಇವನೇ’ ಎಂಬುದರ ನಡುವಿನ ಅಂತರವನ್ನು ಕಡತದಲ್ಲಿ ಸ್ಪಷ್ಟವಾಗಿ ಬರೆಯಿರಿ. ಜಾಕೆಟ್ ತೊಟ್ಟ ಯುದ್ಧಕಾಲದ ಫೋಟೊ ಸಿಕ್ಕರೆ ಜೇಬಿನ ಓರೆ, ಲಾಂಛನದ ಜಾಗ, ಚರ್ಮದ ಸುಕ್ಕಿನ ಗೆರೆಗಳನ್ನು ಒಂದೊಂದಾಗಿ ಹೋಲಿಸಿ. ಚರ್ಮದ ಗೆರೆಗಳು ಎರಡು ಜಾಕೆಟ್ಟುಗಳಲ್ಲಿ ಒಂದೇ ರೀತಿ ಬರುವುದಿಲ್ಲ.

ಹಂತ 6: ಮನೆಯವರಿಗೆ ಬರೆಯುವಾಗ

ಯುದ್ಧದಲ್ಲಿ ಹಾರಿದವರು ಬಹುತೇಕ ಯಾರೂ ಇಂದು ಉಳಿದಿಲ್ಲ. ಮಕ್ಕಳಿಗೇ ವಯಸ್ಸಾಗಿದೆ. ಮೊದಲ ಪತ್ರ ಚಿಕ್ಕದಾಗಿರಲಿ: ನೀವು ಯಾರು, ಜಾಕೆಟ್ ನಿಮಗೆ ಹೇಗೆ ಸಿಕ್ಕಿತು, ನಿಮಗೆ ತಿಳಿಯಬೇಕಾದ್ದೇನು. ಎರಡು ಫೋಟೊ ಜೊತೆಗಿಡಿ. ವಸ್ತು ಏನಾದರೂ ಮಾರುತ್ತೀರಾ ಎಂದು ಕೇಳಬೇಡಿ, ಮೊದಲ ಪತ್ರದಲ್ಲಿ ಮಾತ್ರವಲ್ಲ, ಎಂದಿಗೂ. ಅವನು ಸತ್ತ ಬಗೆ ನಿಮಗೆ ವರದಿಯಿಂದ ತಿಳಿದಿದ್ದು ಅವರಿಗೆ ತಿಳಿಯದೆಯೂ ಇರಬಹುದು. ಅವರು ಕೇಳಿದರೆ ಮಾತ್ರ ಹೇಳಿ. ಉತ್ತರ ಬಾರದಿದ್ದರೆ ಇನ್ನೊಂದು ಪತ್ರ ಬರೆದು ಸುಮ್ಮನಾಗಿ. ಮಾತನಾಡಲು ಒಪ್ಪಿದರೆ, ಅನುಮತಿ ಕೇಳಿ ಧ್ವನಿ ಮುದ್ರಿಸಿಕೊಳ್ಳಿ. ದಾಳಿಗಳ ಬಗ್ಗೆ ದಾಖಲೆಗಳೇ ಹೇಳುತ್ತವೆ. ಜಾಕೆಟ್ ಮನೆಯಲ್ಲಿ ಎಲ್ಲಿ ತೂಗುತ್ತಿತ್ತು, ಅಪ್ಪ ಅದನ್ನು ಮತ್ತೆ ಯಾವಾಗಲಾದರೂ ತೊಟ್ಟಿದ್ದರೇ, ಮಕ್ಕಳಿಗೆ ಮುಟ್ಟಲು ಬಿಡುತ್ತಿದ್ದರೇ ಎಂದು ಕೇಳಿ. ಯಾವ ಪತ್ರಾಗಾರದಲ್ಲೂ ಇಲ್ಲದ ಸಂಗತಿಗಳು ಅಲ್ಲಿಂದ ಬರುತ್ತವೆ.

ಜಾಕೆಟ್ಟನ್ನು ಮರಳಿ ಕೊಡಿ ಎಂದು ಮನೆಯವರು ಕೇಳಿದರೆ? ಕಾನೂನು ನಿಮ್ಮ ಪರವಾಗಿರಬಹುದು. ಆದರೂ ಅದು ಅವರ ಕೈಯಿಂದ ಕಳುವಾಗಿದ್ದರೆ ಅಥವಾ ಅರಿವಿಲ್ಲದೆ ಹೋಗಿದ್ದರೆ ನೀವು ಕೊಟ್ಟ ಬೆಲೆಗೇ ಮರಳಿಸುವುದು ಸರಿಯೆಂದು ನಾನು ನಂಬುತ್ತೇನೆ.

ಹಂತ 7: ನಮ್ಮ ಹವೆಯಲ್ಲಿ ಕಾಪಾಡುವುದು

ಹಳೆಯ ಚರ್ಮ ಕಂಡ ಕೂಡಲೇ ಎಣ್ಣೆ ಹಚ್ಚಬೇಕೆನ್ನಿಸುವುದು ಸಹಜ. ಚಪ್ಪಲಿಗೆ ಹರಳೆಣ್ಣೆ ಉಜ್ಜುವುದನ್ನು ನೋಡಿ ಬೆಳೆದವರು ನಾವು. ಈ ಜಾಕೆಟ್ಟಿಗೆ ಅದನ್ನು ಮಾಡಬೇಡಿ. ಹರಳೆಣ್ಣೆ, ತೆಂಗಿನೆಣ್ಣೆ, ಶೂ ಪಾಲಿಶ್, ಕುದುರೆಯ ಜೀನಿಗೆ ಹಚ್ಚುವ ಸೋಪು ಯಾವುದೂ ಬೇಡ. ಎಣ್ಣೆ ಚರ್ಮವನ್ನು ಕಪ್ಪಾಗಿಸುತ್ತದೆ, ಧೂಳು ಹಿಡಿಸುತ್ತದೆ, ಚಿತ್ರದ ಬಣ್ಣ ಸಡಿಲವಾಗುತ್ತದೆ, ಅಸ್ತರಿನ ಮಸಿ ಹರಡುತ್ತದೆ. ಹಿತ್ತಾಳೆಯ ಭಾಗಗಳ ಸುತ್ತ ಹಸಿರು ಮೇಣದಂಥ ಕಿಲುಬು ಕಟ್ಟುವುದೂ ಎಣ್ಣೆ ಮತ್ತು ಲೋಹ ಸೇರಿದಾಗಲೇ. ಜಿಪ್ಪನ್ನು ಹುಣಸೆಹಣ್ಣಿನಿಂದ ತಿಕ್ಕುವುದಂತೂ ಕೂಡದು. ಮೆತ್ತನೆಯ ಕುಂಚದಿಂದ ಧೂಳು ಕೊಡವಿದರೆ ಸಾಕು. ಕೈಗೆ ಕೆಂಪು ಹುಡಿ ಅಂಟುತ್ತಿದ್ದರೆ ಅದು ಚರ್ಮವೇ ಕೊಳೆಯುತ್ತಿರುವ ಲಕ್ಷಣ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ವಸ್ತುಸಂಗ್ರಹಾಲಯದ ಸಂರಕ್ಷಣಾ ತಜ್ಞರನ್ನು ಕೇಳಿ.

ಕೋಣೆಯ ತೇವಾಂಶ ಶೇಕಡ 45ರಿಂದ 55ರ ಒಳಗಿರಬೇಕು. 65 ದಾಟಿದರೆ ಬೂಷ್ಟು ಶುರು. ಮಳೆಗಾಲದ ಮಂಗಳೂರಿನಲ್ಲಿ, ಮಲೆನಾಡಿನಲ್ಲಿ 80 ದಾಟುವುದು ಸಾಮಾನ್ಯ. ಕರಾವಳಿಯವರು ತೇವ ಹೀರುವ ಯಂತ್ರವಿಲ್ಲದೆ ಈ ಹವ್ಯಾಸಕ್ಕೆ ಇಳಿಯದಿರುವುದು ಮೇಲು. ಅಗ್ಗದ ತೇವಾಂಶ ಮಾಪಕವೊಂದನ್ನು ಪೆಟ್ಟಿಗೆಯ ಒಳಗೇ ಇಡಿ. ಸಿಲಿಕಾ ಜೆಲ್ ಇಟ್ಟರೆ ಆಗಾಗ ಬದಲಿಸಿ, ಅತಿಯಾಗಿ ಒಣಗಿದರೂ ಚರ್ಮ ಬಿರಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಬೇಡಿ. ಆಮ್ಲರಹಿತ ಕಾಗದವನ್ನು ತೋಳಿನೊಳಗೆ ಉಂಡೆಮಾಡಿ ತುಂಬಿ, ಮಡಿಕೆ ಬೀಳದಂತೆ ಅಗಲ ಪೆಟ್ಟಿಗೆಯಲ್ಲಿ ಮಲಗಿಸಿ. ಗಟ್ಟಿಯಾಗಿರುವ ಜಾಕೆಟ್ಟನ್ನು ಮಾತ್ರ ಹತ್ತಿ ತುಂಬಿದ ಅಗಲ ಹ್ಯಾಂಗರಿನಲ್ಲಿ ತೂಗಿಸಬಹುದು. ಉಣ್ಣೆಯ ಪಟ್ಟಿಗಳಿಗೆ ನುಸಿ ಹತ್ತುತ್ತದೆ. ತಿಂಗಳಿಗೊಮ್ಮೆ ತೆಗೆದು ನೋಡುವುದೇ ಮದ್ದು, ನುಸಿಗುಳಿಗೆಯಲ್ಲ.

ಹರಿದ ಪಟ್ಟಿ, ಕೆಟ್ಟ ಜಿಪ್, ಕಳಚಿದ ಲಾಂಛನ ಇವನ್ನು ಸರಿಪಡಿಸಿ ಹೊಸದಾಗಿಸುವ ಆಸೆಯನ್ನೂ ಅದುಮಿಡಿ. ಕಳಚಿದ್ದನ್ನು ಲಕೋಟೆಯಲ್ಲಿ ಹಾಕಿ ಜೊತೆಗಿಡಿ. ಜಾಕೆಟ್ಟನ್ನು ತೊಡಬೇಡಿ. ಎಂಬತ್ತು ವರ್ಷ ದಾಟಿದ ಹತ್ತಿಯ ದಾರ ನಿಮ್ಮ ಹೆಗಲ ಎಳೆತಕ್ಕೆ ತುಂಡಾಗುತ್ತದೆ, ಬೆವರಿನ ಉಪ್ಪು ಅಸ್ತರಿನ ಮಸಿಯನ್ನು ತಿನ್ನುತ್ತದೆ. ತೊಡುವ ಆಸೆ ಇದ್ದರೆ ಒಳ್ಳೆಯ ಪ್ರತಿಕೃತಿಯೊಂದನ್ನು ಕೊಳ್ಳಿ.

ಹಂತ 8: ಕಡತ ಮತ್ತು ಮುಂದಿನ ಕೈ

ಪ್ರತಿ ಜಾಕೆಟ್ಟಿಗೂ ಒಂದು ಕಡತ ತೆರೆಯಿರಿ. ಯಾರಿಂದ, ಯಾವಾಗ, ಎಷ್ಟಕ್ಕೆ ಬಂತು, ಮಾರಿದವರು ಹೇಳಿದ ಮಾತು, ಅಳತೆ ಮತ್ತು ಚೀಟಿಯ ಬರಹ, ಫೋಟೊಗಳು, ಕಂಡ ಪ್ರತಿ ಗುರುತು, ಹುಡುಕಿದ ದಾಖಲೆಗಳ ಪ್ರತಿ, ಹುಡುಕಿಯೂ ಸಿಗದವುಗಳ ಪಟ್ಟಿ. ಕೊನೆಯದು ಮುಂದೆ ಬರುವವರಿಗೆ ವರ್ಷಗಳ ಶ್ರಮ ಉಳಿಸುತ್ತದೆ. ಒಂದು ಪ್ರತಿ ಕಾಗದದಲ್ಲಿ, ಪೆಟ್ಟಿಗೆಯೊಳಗೆ ಜಾಕೆಟ್ಟಿನ ಜೊತೆಗೇ ಇರಲಿ. ಕಂಪ್ಯೂಟರಿನಲ್ಲಿ ಮಾತ್ರ ಇಟ್ಟ ಚರಿತ್ರೆ ಜಾಕೆಟ್ ಕೈಬದಲಾದ ದಿನ ಹಿಂದೆ ಉಳಿಯುತ್ತದೆ. ಬದುಕಿರುವ ಬಂಧುಗಳ ವಿಳಾಸ, ಫೋನ್ ಸಂಖ್ಯೆಗಳನ್ನು ಬೇರೆ ಹಾಳೆಯಲ್ಲಿಟ್ಟು, ಯಾರಿಗೂ ತೋರಿಸಬಾರದೆಂದು ಮೇಲೆ ಬರೆಯಿರಿ.

ನಿಮ್ಮ ನಂತರ ಅದು ಎಲ್ಲಿಗೆ ಹೋಗಬೇಕೆಂಬುದನ್ನು ಈಗಲೇ ನಿರ್ಧರಿಸಿ, ಮನೆಯವರಿಗೆ ತಿಳಿಸಿ, ಉಯಿಲಿನಲ್ಲಿ ಬರೆಯಿರಿ. ವಸ್ತುಸಂಗ್ರಹಾಲಯಕ್ಕೆ ಕೊಡುವುದಾದರೆ ಮೊದಲು ಅವರ ಸಂಗ್ರಹ ನೀತಿಯನ್ನು ಕೇಳಿ. ಅವನು ಸೇವೆ ಸಲ್ಲಿಸಿದ ದಳದ ಅಥವಾ ಹುಟ್ಟಿದ ಊರಿನ ಸಣ್ಣ ಸಂಗ್ರಹಾಲಯ, ಹತ್ತಾರು ಜಾಕೆಟ್ಟುಗಳು ಈಗಾಗಲೇ ಉಗ್ರಾಣದಲ್ಲಿರುವ ದೊಡ್ಡ ಸಂಸ್ಥೆಗಿಂತ ಉತ್ತಮ ಮನೆಯಾಗಬಹುದು. ದಾನಪತ್ರದಲ್ಲಿ ಜಾಕೆಟ್ ಮತ್ತು ಕಡತ ಎರಡನ್ನೂ ಒಂದೇ ವಸ್ತುವಾಗಿ, ಒಂದೇ ಸಂಖ್ಯೆಯ ಅಡಿ ದಾಖಲಿಸುವಂತೆ ಕೇಳಿ. ಅದಕ್ಕೆ ಲಿಖಿತ ಒಪ್ಪಿಗೆ ಸಿಗುವವರೆಗೆ ಜಾಕೆಟ್ಟನ್ನು ಕಳಿಸಬೇಡಿ.